ಬ್ಲಶ್ಶೋ ಫ್ಲಶ್ಶೋ? ಮುಖ ಕೆಂಪಾಗುವ ಇಂಗ್ಲಿಷ್

ಕನ್ನಡದಲ್ಲಿ ಮುಖಕ್ಕೆ ಕೆಂಪು ಒಂದೇ ಸಾಕು. ನಾಚಿ ಕೆಂಪಾದಳು, ಸಿಟ್ಟಿಗೆ ಕೆಂಪಾದ, ಬಿಸಿಲಿಗೆ ಕೆಂಪಾದೆವು. ಕಾರಣ ಮುಂದೆ ಹೋಗುತ್ತದೆ, ಬಣ್ಣ ಹಿಂದಿನಿಂದ ಬರುತ್ತದೆ. ಇಂಗ್ಲಿಷಿನಲ್ಲಿ ಕಾರಣ ಎಷ್ಟೋ ಸಲ ಕ್ರಿಯಾಪದದ ಹೊಟ್ಟೆಯೊಳಗೇ ಅಡಗಿರುತ್ತದೆ. ಇದು ಗೊತ್ತಿಲ್ಲದೆ ಡಿಗ್ರಿಯ ಮೊದಲ ವರ್ಷ ನಾನು ಸಿಟ್ಟಿಗೆ ಕೆಂಪಾದ ಪೊಲೀಸನ ಬಗ್ಗೆ ‘ದ ಪೊಲೀಸ್‌ಮನ್ ಬ್ಲಶ್ಡ್ ಅಂಡ್ ಶೌಟೆಡ್’ ಎಂದು ಬರೆದಿದ್ದೆ. ಮೇಡಂ ಬ್ಲಶ್ಡ್ ಪದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ‘ಯಾರನ್ನು ನೋಡಿ ನಾಚಿದ್ದು?’ ಎಂದು ಕೇಳಿದ್ದರು. ಬೆಂಚಿನವರೆಲ್ಲ ಅದನ್ನು ಓದಿ ನಕ್ಕರು. ಆಗ ನನಗೆ ಆದದ್ದೇ ಬ್ಲಶ್.

ಬ್ಲಶ್ ಎಂದರೆ ನಾಚಿಕೆ, ಮುಜುಗರ, ಎದುರಿಗೇ ಯಾರೋ ಹೊಗಳಿದಾಗಿನ ಪೇಚು. ಬೇಕೆಂದು ಮಾಡಲಾಗದು, ಬೇಡವೆಂದು ನಿಲ್ಲಿಸಲೂ ಆಗದು. ಹೊಗಳಿಕೆ ಅತಿಯಾದಾಗ ಬ್ರಿಟಿಷರು ‘ಸ್ಪೇರ್ ಮೈ ಬ್ಲಶಸ್’ ಅನ್ನುತ್ತಾರೆ. ನಮ್ಮ ‘ಸಾಕು ಮಾರಾಯ್ರೆ, ಅಟ್ಟಕ್ಕೆ ಏರಿಸಬೇಡಿ’ ಅದರ ಹತ್ತಿರಕ್ಕೆ ಬರುತ್ತದೆ. ಆದರೆ ‘ಅಟ್ ಫಸ್ಟ್ ಬ್ಲಶ್’ ಕಂಡರೆ ಮೋಸ ಹೋಗಬೇಡಿ. ಅಲ್ಲಿ ನಾಚಿಕೆ ಇಲ್ಲ, ‘ಮೊದಲ ನೋಟಕ್ಕೆ’ ಎಂದಷ್ಟೇ ಅರ್ಥ. ಬ್ಲಶ್ ಪದಕ್ಕೆ ಹಿಂದೆ ‘ನೋಟ’ ಎಂಬ ಅರ್ಥವೂ ಇತ್ತು.

ಫ್ಲಶ್‌ಗೆ ಇಷ್ಟು ಮಡಿ ಇಲ್ಲ. ಜ್ವರ, ಸಿಟ್ಟು, ಓಟ, ಕುಡಿತ, ಗೆದ್ದ ಖುಷಿ, ಯಾವುದಕ್ಕೂ ನಡೆಯುತ್ತದೆ. ಹಾಗಾಗಿ ನನ್ನ ಪೊಲೀಸನಿಗೆ ‘ಫ್ಲಶ್ಡ್ ವಿತ್ ಆಂಗರ್’ ಬೇಕಿತ್ತು. ನನ್ನ ಲೆಕ್ಕ ಇಷ್ಟೇ: ಕೋರಿ ರೊಟ್ಟಿಯ ಖಾರಕ್ಕೆ ಮೂಗು ಸೋರಿ ಮುಖ ಕಾದರೆ ಫ್ಲಶ್, ಆ ಸೋರುವ ಮೂಗನ್ನು ಎದುರು ಮೇಜಿನ ಹುಡುಗಿ ನೋಡಿಬಿಟ್ಟರೆ ಬ್ಲಶ್.

ಈ ಫ್ಲಶ್ಶೇ ಟಾಯ್ಲೆಟ್ಟಿನಲ್ಲೂ ಉಂಟು, ನಮ್ಮ ಹಾರ್ಡ್‌ವೇರ್ ಅಂಗಡಿಯ ಸಪಾಟು ಬಾಗಿಲು ಫ್ಲಶ್ ಡೋರಿನಲ್ಲೂ ಉಂಟು. ಮೂಲದಲ್ಲಿ ರಭಸವಾಗಿ ನುಗ್ಗುವುದು, ಚಿಮ್ಮುವುದು ಎಂಬ ಭಾವ. ನೀರು ನುಗ್ಗಿದರೆ ಟಾಯ್ಲೆಟ್, ರಕ್ತ ನುಗ್ಗಿದರೆ ಮುಖ. ಬಾಗಿಲು ಹೇಗೆ ಬಂತು? ತುಂಬಿದ ಹೊಳೆ ದಂಡೆಗೆ ಸಮನಾಗಿ ನಿಲ್ಲುವುದರಿಂದ ‘ಒಂದೇ ಮಟ್ಟ’ ಎಂಬ ಅರ್ಥ ಹುಟ್ಟಿರಬೇಕು ಎಂದು ನಿಘಂಟುಕಾರರ ಊಹೆ. ಆಟಿ ತಿಂಗಳ ಮಳೆಗೆ ತುಂಬಿದ ನೇತ್ರಾವತಿಯನ್ನು ಉಳ್ಳಾಲ ಸೇತುವೆಯ ಮೇಲಿನಿಂದ ನೋಡಿದವರಿಗೆ ಈ ಅರ್ಥ ಮರೆಯಲಿಕ್ಕಿಲ್ಲ.

ಉಳಿದವು ಬೇಗ ಮುಗಿಯುತ್ತವೆ. ‘ಗೋ ರೆಡ್’ ಮಾತಿನದ್ದು, ‘ರೆಡನ್’ ಬರಹದ್ದು. ಹಳೆಯ ಕಾದಂಬರಿಯಲ್ಲಿ ‘ಷಿ ಕಲರ್ಡ್’ ಎಂದಿದ್ದರೆ ಆಕೆ ಬಣ್ಣ ಬಳಿದದ್ದಲ್ಲ, ನಾಚಿದ್ದು. ಬ್ರಿಟಿಷರು ಬೀಟ್‌ರೂಟಿನಷ್ಟು ಕೆಂಪಾಗುತ್ತಾರೆ, ಅಮೆರಿಕದವರಿಗೆ ಬರೀ ಬೀಟ್ ಸಾಕು. ಸ್ಕಾರ್ಲೆಟ್, ಕ್ರಿಮ್ಸನ್ ಎರಡೂ ಕೆಂಪಿನ ಬಗೆಗಳು. ಸ್ಕಾರ್ಲೆಟ್ ಮೊದಲು ಒಂದು ದುಬಾರಿ ಬಟ್ಟೆಯ ಹೆಸರಾಗಿತ್ತು. ಕ್ರಿಮ್ಸನ್ ಮಾತ್ರ ನಮ್ಮ ಕಡೆಯ ನೆಂಟ. ಕೆಂಪು ಬಣ್ಣ ಕೊಡುವ ಕೀಟಕ್ಕೆ ಅರಬ್ಬಿಯಲ್ಲಿ ಕಿರ್ಮಿಜ್. ಅದರ ಬೇರು ಸಂಸ್ಕೃತದ ಕೃಮಿಯವರೆಗೆ ಹೋಗುತ್ತದೆ. ನಮ್ಮ ಕಿರಮಂಜಿ ಬಣ್ಣವೂ ಅದೇ ಮನೆಯದ್ದು.

ಅನುವಾದಕ್ಕೆ ಕೂತರೆ ಇನ್ನೊಂದು ತೊಡಕು. ಮುಜುಗರವಾದಾಗ ಮುಖದ ರಕ್ತನಾಳಗಳು ಹಿಗ್ಗುವುದು ಎಲ್ಲರಿಗೂ ಒಂದೇ. ಡಾರ್ವಿನ್ 1872ರ ಪುಸ್ತಕದಲ್ಲಿ ಇದಕ್ಕೇ ಒಂದು ಅಧ್ಯಾಯ ಕೊಟ್ಟು, ಕಪ್ಪು ಚರ್ಮದವರೂ ಹೀಗೆ ಕೆಂಪಾಗುತ್ತಾರೆಯೇ ಎಂದು ಊರೂರಿನ ಪರಿಚಿತರಿಗೆ ಕಾಗದ ಬರೆದು ವಿಚಾರಿಸಿದ್ದ. ರಕ್ತ ಎಲ್ಲರಲ್ಲೂ ನುಗ್ಗುತ್ತದೆ, ಹೊರಗೆ ಕಾಣುವುದು ಮಾತ್ರ ಚರ್ಮದ ಮೇಲೆ ನಿಂತಿದೆ. ಮಲ್ಪೆಯ ಬಿಸಿಲಲ್ಲಿ ಬೆಳೆದ ನನ್ನ ಕೆನ್ನೆಯಲ್ಲಿ ಅದನ್ನು ಯಾರೂ ಕಂಡದ್ದಿಲ್ಲ. ಅದಕ್ಕೇ ಇರಬೇಕು, ನಾವು ನಾಚಿದರೆ ನೀರಾಗುತ್ತೇವೆ, ತಲೆ ತಗ್ಗಿಸುತ್ತೇವೆ, ಹೆಬ್ಬೆರಳಿನಿಂದ ನೆಲ ಕೆರೆಯುತ್ತೇವೆ. ‘ಷಿ ಬ್ಲಶ್ಡ್’ ಬಂದಾಗಲೆಲ್ಲ ಕೆನ್ನೆಗೆ ಕೆಂಪು ಬಳಿಯುವುದನ್ನು ನಾನೀಗ ಬಿಟ್ಟಿದ್ದೇನೆ. ಕಳೆದ ವಾರದ ಅಭ್ಯಾಸದಲ್ಲಿ ‘ಅವಳ ಕಿವಿ ಬಿಸಿಯಾಯಿತು’ ಎಂದು ಬರೆದೆ. ಮೇಡಂ ಈ ಸಲ ಸುತ್ತು ಹಾಕಲಿಲ್ಲ.