ಕತ್ತು ತಿರುಗಿಸಿದರೆ ಕಿವಿಯ ಗುಂಯ್ ಸದ್ದು ಬದಲಾಗುವುದೇಕೆ?

ಟಿನಿಟಸ್, ಅಂದರೆ ಹೊರಗೆ ಶಬ್ದವಿಲ್ಲದಿದ್ದರೂ ಕಿವಿಯಲ್ಲಿ ಗುಂಯ್ ಎಂಬಂಥ ಸದ್ದು ಕೇಳುವ ತೊಂದರೆ, ಇರುವವರಲ್ಲಿ ಬಹಳ ಮಂದಿ ಒಂದಲ್ಲ ಒಂದು ದಿನ ಇದನ್ನು ಗಮನಿಸಿರುತ್ತಾರೆ: ಹಲ್ಲು ಕಚ್ಚಿದರೆ ಕಿವಿಯೊಳಗಿನ ಸದ್ದು ಏರುತ್ತದೆ, ಕತ್ತು ಒಂದು ಕಡೆಗೆ ಹೊರಳಿಸಿದರೆ ಅದರ ಸ್ವರವೇ ಬೇರೆಯಾಗುತ್ತದೆ. ಕೂಡಲೇ ‘ಕತ್ತಿನಲ್ಲಿ ಯಾವುದೋ ನರ ಸಿಕ್ಕಿಕೊಂಡಿದೆ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಇದು ಅವಸರದ ತೀರ್ಮಾನ. ಪರೀಕ್ಷೆ ಮಾಡಿ ನೋಡಿದರೆ ಟಿನಿಟಸ್ ಇರುವ ಸುಮಾರು ಮೂರರಲ್ಲಿ ಇಬ್ಬರು ದವಡೆ ಅಥವಾ ಕತ್ತಿನ ಚಲನೆಯಿಂದ ತಮ್ಮ ಸದ್ದನ್ನು ಬದಲಿಸಬಲ್ಲರು. ಅವರೆಲ್ಲರ ತೊಂದರೆಯೂ ಕತ್ತಿನಿಂದ ಶುರುವಾದದ್ದಲ್ಲ.

ಒಳಕಿವಿಯ ನರ ಮಿದುಳಿಗೆ ಬಂದು ಸೇರುವ ಮೊದಲ ತಾಣ ಮಿದುಳುಕಾಂಡದ ಕಾಕ್ಲಿಯರ್ ನ್ಯೂಕ್ಲಿಯಸ್. ಅದರ ಹಿಂಭಾಗಕ್ಕೆ ಕಿವಿಯ ಸಂಕೇತಗಳಷ್ಟೇ ಅಲ್ಲ, ಕತ್ತಿನ ಮೇಲ್ಭಾಗದ ನರಗಳಿಂದಲೂ, ಮುಖ ಮತ್ತು ದವಡೆಗೆ ಹೋಗುವ ಟ್ರೈಜೆಮಿನಲ್ ನರದಿಂದಲೂ ಸಂಕೇತಗಳು ಬರುತ್ತವೆ. ನಾವೇ ಅಗಿಯುವ, ಮಾತಾಡುವ ಸದ್ದನ್ನು ತಗ್ಗಿಸಿಕೊಳ್ಳಲು ಮಿದುಳಿಗೆ ಈ ಜೋಡಣೆ ನೆರವಾಗುತ್ತದೆ ಎಂಬುದು ಒಂದು ವಿವರಣೆ. ವಯಸ್ಸಿನಿಂದಲೋ ಜೋರು ಶಬ್ದದಿಂದಲೋ ಒಳಕಿವಿಯ ಕೂದಲುಕೋಶಗಳು ಹಾಳಾದರೆ ಕಿವಿಯ ಕಡೆಯ ಸಂಕೇತ ಸೊರಗುತ್ತದೆ. ಆಗ ಸ್ನಾಯುಗಳ ಕಡೆಯಿಂದ ಬರುವ ಸಂಕೇತದ ಪ್ರಭಾವ ಅಲ್ಲಿ ಹೆಚ್ಚುತ್ತದೆ, ನರಕೋಶಗಳು ಶಬ್ದವಿಲ್ಲದಿದ್ದರೂ ಮಿಡಿಯತೊಡಗುತ್ತವೆ. ಹಾಗಾಗಿ ಬಹುಪಾಲು ಜನರಲ್ಲಿ ಕತ್ತು ರೇಡಿಯೋದ ವಾಲ್ಯೂಮ್ ತಿರುಪಿನಂತೆ ಸದ್ದನ್ನು ಏರಿಳಿಸುತ್ತದೆ, ಅಷ್ಟೇ.

ಹಾಗಾದರೆ ಕತ್ತಿನ ಮೇಲೆ ಅನುಮಾನಪಡಬೇಕಾದದ್ದು ಯಾವಾಗ? ಕತ್ತುನೋವು ಮತ್ತು ಸದ್ದು ಒಟ್ಟಿಗೇ ಶುರುವಾಗಿದ್ದರೆ, ಒಂದು ಹೆಚ್ಚಿದಾಗ ಇನ್ನೊಂದೂ ಹೆಚ್ಚಿದರೆ, ತಲೆಗೆ ಅಥವಾ ಕತ್ತಿಗೆ ಪೆಟ್ಟು ಬಿದ್ದ ಮೇಲೆ ಬಂದಿದ್ದರೆ, ತಲೆ ಬಗ್ಗಿಸಿ ಬಹಳ ಹೊತ್ತು ಕೂತ ದಿನಗಳಲ್ಲಿ ಜೋರಾದರೆ. 2018ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಒಪ್ಪಿದ ಲಕ್ಷಣಪಟ್ಟಿಯಲ್ಲೂ ಈ ಬಗೆಯ ಸುಳಿವುಗಳಿಗೇ ಹೆಚ್ಚು ತೂಕ. ಮೊದಲು ಆಡಿಯೋಗ್ರಾಂ, ಅಂದರೆ ಕೇಳುವಿಕೆಯನ್ನು ಅಳೆಯುವ ಪರೀಕ್ಷೆ, ಮಾಡಿಸಿ. ಕೇಳುವಿಕೆ ಕುಗ್ಗಿರುವುದು ಎಷ್ಟೋ ಸಲ ಅಲ್ಲಿಯೇ ಗೊತ್ತಾಗುತ್ತದೆ.

ಮನೆಯಲ್ಲಿ ಪರೀಕ್ಷಿಸಿಕೊಳ್ಳುವುದಾದರೆ ನಿಶ್ಶಬ್ದವಾದ ಕೋಣೆಯಲ್ಲಿ ಕೂತು ಸದ್ದಿಗೆ 0ಯಿಂದ 10ರೊಳಗೆ ಅಂಕ ಕೊಡಿ. ಹಲ್ಲನ್ನು 5ರಿಂದ 10 ಸೆಕೆಂಡ್ ಬಿಗಿಯಾಗಿ ಕಚ್ಚಿ. ಆಮೇಲೆ ತಲೆ ಅಲುಗದಂತೆ ಹಣೆಯನ್ನು ಅಂಗೈಗೆ ಒತ್ತಿ, ಹಾಗೆಯೇ ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ಕೊನೆಗೆ ಕಿವಿಯ ಹಿಂದಿನಿಂದ ಎದೆಮೂಳೆಯವರೆಗೆ ಇಳಿಯುವ ಸ್ನಾಯುವನ್ನೂ ತಲೆಬುರುಡೆಯ ಬುಡದ ಗುಳಿಗಳನ್ನೂ ಬೆರಳಿನಿಂದ ಒತ್ತಿ ನೋಡಿ. ಒಂದಾದ ಮೇಲೆ ಸದ್ದು ಮೊದಲಿನ ಮಟ್ಟಕ್ಕೆ ಮರಳಿದ ನಂತರವೇ ಮುಂದಿನದಕ್ಕೆ ಹೋಗಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಹಲ್ಲು ಕಚ್ಚಿದಾಗ ಕೇಳುವ ತಗ್ಗುಸ್ವರದ ಗುಡುಗುಡು ಸ್ನಾಯುಗಳದ್ದೇ ಸದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕತ್ತಿನ ಪಾತ್ರ ಇದೆ ಎನಿಸಿದರೆ ಫಿಸಿಯೋಥೆರಪಿ ಪ್ರಯತ್ನಿಸಬಹುದು. 6 ವಾರಗಳಲ್ಲಿ 12 ಸಲ ಚಿಕಿತ್ಸೆ ಕೊಟ್ಟ ಒಂದು ಅಧ್ಯಯನದಲ್ಲಿ, ಅದು ಮುಗಿದ ಹೊತ್ತಿಗೆ ಅರ್ಧದಷ್ಟು ಜನರಿಗೆ ಗುಣ ಕಂಡಿತ್ತು; ಮತ್ತೆ 6 ವಾರ ಕಳೆದ ಮೇಲೆ ಆ ಲಾಭ ಉಳಿದದ್ದು ಕಾಲುಭಾಗಕ್ಕೆ ಮಾತ್ರ. ವ್ಯಾಯಾಮ ಬಿಟ್ಟರೆ ಕತ್ತು ಮತ್ತೆ ಬಿಗಿಯುವುದರಲ್ಲಿ ಆಶ್ಚರ್ಯವಿಲ್ಲ. ಮನೆಯಲ್ಲಿ ಮಾಡಲು ಗದ್ದ ಹಿಂದಕ್ಕೆ ಸರಿಸುವ ವ್ಯಾಯಾಮ ಸಾಕಷ್ಟು ಸುರಕ್ಷಿತ: ನೋಟ ನೇರವಾಗಿಟ್ಟು ಗದ್ದವನ್ನು ಹಿಂದಕ್ಕೆ ಜಾರಿಸಿ 5 ಸೆಕೆಂಡ್ ಹಿಡಿದು ಬಿಡಿ, ಹೀಗೆ 10 ಸಲ, ದಿನಕ್ಕೆ ಎರಡು ಮೂರು ಬಾರಿ. ಹೆಚ್ಚಿನವರು ಗದ್ದವನ್ನು ಎದೆಯ ಕಡೆಗೆ ಬಗ್ಗಿಸಿಬಿಡುತ್ತಾರೆ. ಆಗ ಅದು ಬರೀ ತಲೆಬಗ್ಗಿಸುವಿಕೆ. ಭುಜದ ಮೇಲಿನ ಸ್ನಾಯುವನ್ನು ಹಿಗ್ಗಿಸಲು ತಲೆಯನ್ನು ಎದುರು ಭುಜದತ್ತ ವಾಲಿಸಿ 20–30 ಸೆಕೆಂಡ್ ಇರಿ, ನೋವಾಗುವಷ್ಟು ಎಳೆಯಬೇಡಿ. ಕತ್ತನ್ನು ಝಟ್ಟನೆ ತಿರುಚಿ ನೆಟಿಗೆ ತೆಗೆಸುವುದಂತೂ ಬೇಡ. ಅಪರೂಪಕ್ಕಾದರೂ ಕತ್ತಿನ ರಕ್ತನಾಳ ಸೀಳಿ ಪಾರ್ಶ್ವವಾಯು ಆದದ್ದುಂಟು.

ಅಂಕವನ್ನು ವಾರಕ್ಕೊಮ್ಮೆ ಬರೆದಿಟ್ಟರೆ ಸಾಕು. ಗಂಟೆಗೊಮ್ಮೆ ಕಿವಿಗೊಟ್ಟು ಕೂತರೆ ಗಮನವೆಲ್ಲ ಅಲ್ಲೇ ನೆಟ್ಟು ಸದ್ದು ಇನ್ನಷ್ಟು ಕಾಡುತ್ತದೆ. ರಾತ್ರಿ ಪೂರ್ತಿ ನಿಶ್ಶಬ್ದವೂ ಒಳ್ಳೆಯದಲ್ಲ. ಫ್ಯಾನ್ ಅಥವಾ ಮಳೆಯ ಸದ್ದನ್ನು ಟಿನಿಟಸ್‌ಗಿಂತ ತುಸು ತಗ್ಗಿಸಿ ಇಟ್ಟುಕೊಳ್ಳಿ, ಪೂರಾ ಮುಚ್ಚಿಹಾಕುವಷ್ಟಲ್ಲ. ಕೇಳುವಿಕೆ ಕುಗ್ಗಿದ್ದರೆ ಹಿಯರಿಂಗ್ ಏಡ್ ಹಲವರಿಗೆ ಉಪಕಾರಿ. ಸಂಕಟ, ನಿದ್ರೆಗೇಡು ಹೆಚ್ಚಿದ್ದರೆ ಸಿಬಿಟಿ ಎಂಬ ಮನೋಚಿಕಿತ್ಸೆಗೆ ಗಟ್ಟಿ ಆಧಾರವಿದೆ. ಅದು ಸದ್ದನ್ನು ತಗ್ಗಿಸುವುದಿಲ್ಲ, ಸದ್ದಿನ ಕಾಟವನ್ನು ತಗ್ಗಿಸುತ್ತದೆ. ಟಿನಿಟಸ್ಸನ್ನೇ ಅಳಿಸುವುದು ಸಾಬೀತಾದ ಮಾತ್ರೆ ಯಾವುದೂ ಇಲ್ಲ.

ಸದ್ದು ನಾಡಿಬಡಿತಕ್ಕೆ ಸರಿಯಾಗಿ ಮಿಡಿಯುತ್ತಿದ್ದರೆ ಅಥವಾ ಒಂದೇ ಕಿವಿಯಲ್ಲಿದ್ದರೆ ವ್ಯಾಯಾಮಕ್ಕೆ ಮೊದಲು ಇಎನ್‌ಟಿ ವೈದ್ಯರನ್ನು ನೋಡಬೇಕು. ಕೇಳುವಿಕೆ ಒಮ್ಮೆಲೇ ಕುಸಿದರೆ ದಿನಗಟ್ಟಲೆ ಕಾಯಬಾರದು, ಸ್ಟಿರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಫಲ ಹೆಚ್ಚು. ಹಿಂದೆಂದೂ ಇಲ್ಲದ ತೀವ್ರ ಕತ್ತುನೋವಿನ ಜೊತೆಗೆ ಮಿಡಿಯುವ ಸದ್ದು ಹಠಾತ್ತನೆ ಬಂದರೆ, ಇಲ್ಲವೇ ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಆ ಕ್ಷಣವೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.