ಕಾಳಿಗೆ ಯೂರಿಯಾ: ನಿಜವಾದ ಕೆಲಸ ಯಾರದ್ದು?

ಮೇವಿಗೆ ಯೂರಿಯಾ ಅಂದ ಕೂಡ್ಲೆ ಕೆಲವ್ರು "ಗೊಬ್ಬರ ತಿನ್ನಿಸ್ತೀರಾ, ವಿಷ ಅದು" ಅಂತ ಬೈತಾರೆ, ಇನ್ನು ಕೆಲವ್ರು ಅಂದಾಜಲ್ಲಿ ಒಂದು ಬೊಗಸೆ ಯೂರಿಯಾ ಹಾಕಿ ದನದ ಮುಂದೆ ಇಟ್ಟುಬಿಡ್ತಾರೆ. ಇಬ್ರದ್ದೂ ತಪ್ಪು, ಆದ್ರೆ ಎರಡನೇ ತಪ್ಪಿಗೆ ದನದ ಜೀವವೇ ಹೋಗುತ್ತೆ.

ದನಕ್ಕೆ ಕೊಡೋ ಕಾಳಿಗೆ ಯೂರಿಯಾ ಸೇರಿಸೋ ಸರಿಯಾದ ಕ್ರಮ ಹೀಗೆ: ಮನೇಲಿ ಬೆಳೆದ ಬಾರ್ಲಿನೋ ಗೋಧಿನೋ ಪೂರ್ತಿ ಒಣಗೋ ಮುಂಚೆ, ತೇವಾಂಶ 18-20% ಇರೋವಾಗ್ಲೇ ಕೊಯ್ದು, 100 ಕೆಜಿಗೆ ಸುಮಾರು 2 ಕೆಜಿ ಯೂರಿಯಾ, ಜೊತೆಗೆ ಸ್ವಲ್ಪ ಹಸಿ ಸೋಯಾ ಹಿಟ್ಟು ಬೆರೆಸಿ, ಗಾಳಿಯಾಡದ ಹಾಗೆ ಟಾರ್ಪಾಲು ಮುಚ್ಚಿ ಎರಡು ಮೂರು ವಾರ ಬಿಡೋದು. ಒಣಗಿಸೋ ಖರ್ಚಿಲ್ಲ, ಬೂಷ್ಟು ಹಿಡಿಯಲ್ಲ.

ಇದ್ರಲ್ಲಿ ನಂಗೆ ತುಂಬಾ ಇಷ್ಟ ಆಗೋದು ಆ ಚೂರು ಸೋಯಾ ಹಿಟ್ಟು. ಯಾಕಂದ್ರೆ ಕಾಳು ಕೆಡದ ಹಾಗೆ ಕಾಪಾಡೋದು ಯೂರಿಯಾ ಅಲ್ಲ, ಅದು ಒಡೆದಾಗ ಬರೋ ಅಮೋನಿಯಾ. ಒಡೆಯೋದು ಹಸಿ ಸೋಯಾದಲ್ಲಿರೋ ಯೂರಿಯೇಸ್ ಅನ್ನೋ ಕಿಣ್ವ. ಯೂರಿಯಾ ಬೀಗ ಹಾಕಿದ ಪೆಟ್ಟಿಗೆ ಅಂದ್ಕೊಳ್ಳಿ, ಒಳಗೆ ಎರಡು ಅಮೋನಿಯಾ ಕೂತಿವೆ, ಯೂರಿಯೇಸ್ ಬೀಗದಕೈ, ಕಾಳಿನ ತೇವ ಅದನ್ನ ತಿರುಗಿಸೋ ಕೈ. ನೀರಲ್ಲಿ ಕರಗಿಸಿ ಸುಮ್ನೆ ಬಿಟ್ರೆ ಯೂರಿಯಾದಲ್ಲಿ ಅರ್ಧ ತಾನಾಗೇ ಒಡೆಯೋಕೆ ಹತ್ತಾರು ವರ್ಷ ಬೇಕು! ಯೂರಿಯೇಸ್ ಒಂದು ಬೀಗ ತೆಗೆದು ತಕ್ಷಣ ಮುಂದಿನದಕ್ಕೆ ಕೈ ಹಾಕುತ್ತೆ, ತೆಗೆಯೋದ್ರಲ್ಲಿ ತಾನು ಸವೆದು ಹೋಗಲ್ಲ, ಅದಕ್ಕೇ ಸ್ವಲ್ಪ ಸೋಯಾ ಸಾಕು. ಅದೇ ಸೋಯಾನ ಹುರಿದ್ರೆ ಬೀಗದಕೈ ಕರಗಿಹೋದ ಹಾಗೆ, ಯಾವ ಬೀಗಕ್ಕೂ ಹೊಂದಲ್ಲ.

ಈ ಯೂರಿಯೇಸ್‌ಗೆ ದೊಡ್ಡ ಚರಿತ್ರೆ ಇದೆ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಒಂದು ಜಾತಿಯ ಅವರೆಯಂಥ ಕಾಳಿಂದ ಇದನ್ನ ಹರಳು ಮಾಡಿ ತೆಗೆದ್ರು, ಮೊತ್ತಮೊದಲು ಹರಳಾದ ಕಿಣ್ವ ಇದೇ. ಹುಡುಗನಾಗಿದ್ದಾಗ ಬೇಟೆಯ ಅಪಘಾತದಲ್ಲಿ ಎಡಗೈ ಕಳ್ಕೊಂಡಿದ್ದ ಮನುಷ್ಯ. ಕಿಣ್ವ ಅಂದ್ರೆ ಪ್ರೋಟೀನ್ ಅಂತ ಅವ್ರು ಹೇಳಿದ್ದನ್ನ ಆಗಿನ ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರು ಒಪ್ಪಲೇ ಇಲ್ಲ, ನೊಬೆಲ್ ಬಂದಿದ್ದು 1946ಕ್ಕೆ.

ಸರಿ, ಟಾರ್ಪಾಲಿನ ಕೆಳಗೆ ಬರೋಣ. ಬಿಡುಗಡೆ ಆದ ಅಮೋನಿಯಾ ಕಾಳಿನ ಸಂದುಸಂದಿಗೂ ನುಗ್ಗಿ ತೇವದಲ್ಲಿ ಕರಗುತ್ತೆ, ರಾಶಿಯೆಲ್ಲಾ ಕ್ಷಾರ ಆಗುತ್ತೆ, ಪಿಎಚ್ (ಹುಳಿ-ಕ್ಷಾರದ ಅಳತೆ, 7 ಅಂದ್ರೆ ಎರಡೂ ಅಲ್ಲ) 9ರ ಹತ್ರ ಹೋದಾಗ ಬೂಷ್ಟಿಗೆ ಬದುಕೋ ದಾರಿನೇ ಇರಲ್ಲ. ಸಿಪ್ಪೆನೂ ಮೆತ್ತಗಾಗುತ್ತೆ. ಮೊಳಕೆ ಶಕ್ತಿನೂ ಸಾಯೋದ್ರಿಂದ ಬಿತ್ತನೆಗೆ ಮಾತ್ರ ಬರಲ್ಲ. ಟಾರ್ಪಾಲಲ್ಲಿ ತೂತಿದ್ರೆ ಅಮೋನಿಯಾ ಅಲ್ಲಿಂದ್ಲೇ ಹೊರಟುಹೋಗುತ್ತೆ, ಬೂಷ್ಟು ಶುರುವಾಗೋದೂ ಅಲ್ಲಿಂದ್ಲೇ.

ಪ್ರೋಟೀನ್ ಲೆಕ್ಕ ಹೀಗೆ: ಯೂರಿಯಾದಲ್ಲಿ 46% ಸಾರಜನಕ, 2 ಕೆಜಿಗೆ 0.92 ಕೆಜಿ, ಪ್ರೋಟೀನಲ್ಲಿ ಸುಮಾರು 16% ಸಾರಜನಕ ಅಂತ ಹಿಡಿದು ಅದನ್ನ 6.25ರಿಂದ ಗುಣಿಸಿದ್ರೆ 5.75 ಕೆಜಿ ಪ್ರೋಟೀನ್‌ಗೆ ಸಮ. ಒಂದಷ್ಟು ಗಾಳಿಗೆ ಹೋಗುತ್ತೆ, ಅದನ್ನ ಕಳೀಬೇಕು. ಇದು ಕಾಗದದ ಮೇಲಿನ ಪ್ರೋಟೀನ್, ನಿಜವಾದ ಪ್ರೋಟೀನ್ ಮಾಡೋರು ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು. ಕಾಳಿನ ಪಿಷ್ಟದಿಂದ ಶಕ್ತಿ, ಅಮೋನಿಯಾದಿಂದ ಸಾರಜನಕ ತಗೊಂಡು ಅವು ಮೈ ಬೆಳೆಸ್ಕೊಳ್ತವೆ, ಆಮೇಲೆ ಹಸು ಅವನ್ನೇ ಜೀರ್ಣಿಸ್ಕೊಳ್ಳುತ್ತೆ. ಫಿನ್‌ಲ್ಯಾಂಡಿನ ಆರ್ಟುರಿ ವಿರ್ಟಾನೆನ್ 1960ರ ದಶಕದಲ್ಲಿ ಹೆಚ್ಚುಕಮ್ಮಿ ಪ್ರೋಟೀನೇ ಇಲ್ಲದ ಮೇವಿಗೆ ಯೂರಿಯಾ, ಅಮೋನಿಯಂ ಲವಣ ಸೇರಿಸಿ ಹಸುಗಳಿಂದ ಹಾಲು ಕರೆದು ತೋರಿಸಿದ್ರು. ಅಷ್ಟೇ ಯಾಕೆ, ಹಸು ತನ್ನ ಪಿತ್ತಜನಕಾಂಗದಲ್ಲೇ ಯೂರಿಯಾ ಮಾಡಿ ಜೊಲ್ಲಿನ ಜೊತೆ ಅದೇ ಹೊಟ್ಟೆಗೆ ವಾಪಸ್ ಕಳಿಸ್ತಾ ಇರುತ್ತೆ!

ಅಪಾಯ ಇರೋದೂ ಅಲ್ಲೇ. ಆ ಸೂಕ್ಷ್ಮಜೀವಿಗಳ ಹತ್ರಾನೂ ಯೂರಿಯೇಸ್ ಇದೆ, ಹಾಗಾಗಿ ಬೊಗಸೆ ಯೂರಿಯಾ ಒಟ್ಟಿಗೆ ಹೋದ್ರೆ ಅಷ್ಟೂ ಬೀಗ ಒಮ್ಮೆಲೇ ತೆಗೆದು, ಬಳಸ್ಕೊಳ್ಳೋಕೆ ಆಗದ ಅಮೋನಿಯಾ ರಕ್ತಕ್ಕೆ ಸೇರುತ್ತೆ, ಅರ್ಧ ಗಂಟೇಲೇ ನಡುಕ, ಹೊಟ್ಟೆಯುಬ್ಬರ, ಬಾಯಲ್ಲಿ ನೊರೆ ಕಾಣಿಸ್ಕೊಳ್ಬಹುದು, ತಕ್ಷಣ ಪಶುವೈದ್ಯರನ್ನ ಕರೀಬೇಕು. ಮುಚ್ಚಿಟ್ಟ ರಾಶೀಲಿ ಈ ಒಡೆಯೋ ಕೆಲಸ ಹೊಟ್ಟೆಗೆ ಹೋಗೋ ಮುಂಚೆನೇ ನಿಧಾನವಾಗಿ ಮುಗಿದಿರುತ್ತೆ. ಹಂದಿ, ಕೋಳಿ, ಕುದುರೆಗೆ, ಮೆಲುಕು ಶುರುಮಾಡದ ಎಳೆ ಕರುಗೆ ಇದು ಬೇಡ. ರಾಶಿ ತೆಗೆಯೋವಾಗ ಘಾಟು ಕಣ್ಣು ಮೂಗಿಗೆ ಹೊಡೆಯುತ್ತೆ, ಗಾಳಿ ಬೆನ್ನ ಕಡೆಯಿಂದ ಬರೋ ಹಾಗೆ ನಿಂತ್ಕೊಳ್ಳಿ, ಬೇಕಾದಷ್ಟನ್ನ ಒಂದಿನ ಹರಡಿ ಘಾಟು ಇಳಿದ ಮೇಲೇ, ಅದೂ ಮೊದಲು ಸ್ವಲ್ಪ ಸ್ವಲ್ಪವಾಗಿ ಕೊಡಿ.