ಮನೆ ಬೆಚ್ಚಗಿಡೋ ರೇಡಿಯೇಟರ್ ಬಿಸಿ ಆಗ್ತಿಲ್ವಾ? ಮೊದಲು ಎಲ್ಲೆಲ್ಲಿ ತಣ್ಣಗಿದೆ ಅಂತ ಮುಟ್ಟಿ ನೋಡಿ

ಬಾಯ್ಲರ್ ನೀರು ಕಾಯಿಸತ್ತೆ, ಪಂಪ್ ತಳ್ಳತ್ತೆ, ಒಂದು ಪೈಪಲ್ಲಿ ಬಿಸಿನೀರು ರೇಡಿಯೇಟರ್‌ಗೆ ಬಂದು ಇನ್ನೊಂದರಲ್ಲಿ ವಾಪಸ್ ಹೋಗತ್ತೆ, ಇಷ್ಟು ಗೊತ್ತಿದೆ ಅಂದ್ಕೊಂಡು ಬರೀತಿದೀನಿ. ಸ್ಟೀಮ್ ರೇಡಿಯೇಟರ್ ಇರೋರು ಇದನ್ನ ಪಾಲಿಸಬೇಡಿ, ಅದರ ಲೆಕ್ಕಾನೇ ಬೇರೆ.

ಮನೇಲಿರೋ ಎಲ್ಲಾ ರೇಡಿಯೇಟರೂ ತಣ್ಣಗಿದ್ರೆ ತಪ್ಪು ರೇಡಿಯೇಟರ್‌ದಲ್ಲ. ಥರ್ಮೋಸ್ಟಾಟ್, ಟೈಮರ್, ಬಾಯ್ಲರ್ ಪ್ರೆಶರ್, ಪಂಪ್, ಮೋಟಾರ್ ವಾಲ್ವ್ (ಬಿಸಿನೀರನ್ನ ಹೀಟಿಂಗ್ ಕಡೆ ತಿರುಗಿಸೋ ಕರೆಂಟ್ ವಾಲ್ವ್), ಇವನ್ನ ನೋಡಿ. ಮೇಲಿನ ಮಹಡಿ ಮಾತ್ರ ತಣ್ಣಗಿದ್ರೆ ನೀರು ಕಮ್ಮಿ ಆಗಿರತ್ತೆ ಅಥವಾ ಗಾಳಿ ಸೇರಿರತ್ತೆ. ಅಟ್ಟದಲ್ಲಿ ಸಣ್ಣ ತುಂಬಿಸೋ ಟ್ಯಾಂಕ್ ಇರೋ ಹಳೇ ಸಿಸ್ಟಮ್ ಆದ್ರೆ ಅದರ ಬಾಲ್ ವಾಲ್ವ್ ಅಂಟ್ಕೊಂಡು ಟ್ಯಾಂಕ್ ಖಾಲಿ ಆಗಿದ್ಯಾ ನೋಡಿ.

ಒಂದೇ ರೇಡಿಯೇಟರ್ ಕೈಕೊಟ್ಟಿದ್ರೆ ಕೈಯೇ ಥರ್ಮಾಮೀಟರು. ಮೇಲ್ಭಾಗ ತಣ್ಣಗೆ, ಕೆಳಗೆ ಬಿಸಿ ಅಂದ್ರೆ ಗಾಳಿ. ಕೆಳಗೆ ನಡುಮಧ್ಯ ತಣ್ಣಗೆ, ಮೇಲೆ ಮತ್ತೆ ಎರಡೂ ಪಕ್ಕ ಬಿಸಿ ಅಂದ್ರೆ ಕೆಸರು. ಇಡೀ ರೇಡಿಯೇಟರ್ ತಣ್ಣಗೆ ಅಂದ್ರೆ ಹೆಚ್ಚಾಗಿ ವಾಲ್ವ್. ಪೂರ್ತಿ ಉಗುರುಬೆಚ್ಚಗೆ ಇದ್ದು ಅದರ ಮೇಲೆ ಏರ್ತಾನೇ ಇಲ್ಲ ಅಂದ್ರೆ ಬ್ಯಾಲೆನ್ಸಿಂಗ್, ಅಂದ್ರೆ ಎಲ್ಲಾ ರೇಡಿಯೇಟರ್‌ಗೂ ನೀರು ಸರಿಯಾಗಿ ಹಂಚಿಕೆ ಆಗ್ತಿಲ್ಲ.

ಗಾಳಿ ತೆಗೆಯೋದು ಸುಲಭ. ಹೀಟಿಂಗ್ ಆಫ್ ಮಾಡಿ, ಆರೋಕೆ ಬಿಡಿ (ಪಂಪ್ ಓಡ್ತಿರೋವಾಗ ತೆಗೆದ್ರೆ ಕೆಲವು ಕಡೆ ಗಾಳಿ ಒಳಗೇ ಎಳ್ಕೊಳತ್ತೆ, ಕೈ ಸುಡೋದು ಬೇರೆ), ಮೇಲಿನ ಮೂಲೆಯ ಬ್ಲೀಡ್ ಸ್ಕ್ರೂಗೆ ಕೀ ಹಾಕಿ ಎಡಕ್ಕೆ ಕಾಲು ಸುತ್ತು, ಸ್ಸ್ ಅನ್ನತ್ತೆ, ನೀರು ಬಂದ ತಕ್ಷಣ ಮುಚ್ಚಿ. ಆಮೇಲೆ ಪ್ರೆಶರ್ ನೋಡೋದನ್ನೇ ಎಷ್ಟೋ ಜನ ಬಿಟ್ಬಿಡ್ತಾರೆ. ಮುಚ್ಚಿದ ಸಿಸ್ಟಮ್‌ನಲ್ಲಿ (ಅಟ್ಟದ ಟ್ಯಾಂಕ್ ಇಲ್ಲದ್ದು) ತಣ್ಣಗಿದ್ದಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರ್ಬೇಕು, ಕಮ್ಮಿ ಇದ್ರೆ ಫಿಲ್ಲಿಂಗ್ ಲೂಪಿಂದ (ನಲ್ಲಿ ನೀರನ್ನ ಸಿಸ್ಟಮ್‌ಗೆ ಬಿಡೋ ಸಣ್ಣ ಪೈಪ್) ತುಂಬಿಸಿ. 3 ಬಾರ್ ಹತ್ರ ಹೋದ್ರೆ ಸೇಫ್ಟಿ ವಾಲ್ವ್ ನೀರು ಹೊರಗೆ ಚೆಲ್ಲತ್ತೆ. ಪದೇಪದೇ ಗಾಳಿ ತುಂಬ್ತಿದ್ರೆ ಬರೀ ಬ್ಲೀಡ್ ಮಾಡ್ತಾ ಕೂತ್ಕೋಬೇಡಿ, ಎಲ್ಲೋ ಸೋರ್ತಿದೆ ಅಥವಾ ಒಳಗೆ ಕಬ್ಬಿಣ ತುಕ್ಕು ಹಿಡಿದು ಹೈಡ್ರೋಜನ್ ಹುಟ್ತಿದೆ.

ಆ ತುಕ್ಕೇ ಕೆಸರಾಗೋದು. ಕಪ್ಪಗಿರತ್ತೆ, ಹೆಚ್ಚಿನ ಪಾಲು ಮ್ಯಾಗ್ನಟೈಟ್ ಅನ್ನೋ ಕಬ್ಬಿಣದ ಆಕ್ಸೈಡ್, ಭಾರ ಇರೋದ್ರಿಂದ ತಳದಲ್ಲಿ ಕೂರತ್ತೆ. ಮ್ಯಾಗ್ನೆಟ್‌ಗೆ ಅಂಟೋದ್ರಿಂದಲೇ ಬಾಯ್ಲರ್ ಹತ್ರ ಮ್ಯಾಗ್ನೆಟಿಕ್ ಫಿಲ್ಟರ್ ಹಾಕೋದು. ಒಂದೇ ರೇಡಿಯೇಟರ್ ಆದ್ರೆ ಎರಡೂ ವಾಲ್ವ್ ಮುಚ್ಚಿ, ರೇಡಿಯೇಟರ್ ಬಿಚ್ಚಿ, ಹೊರಗೆ ಒಯ್ದು ಪೈಪ್ ಹಿಡಿದು ತೊಳೀಬೋದು. ಎಲ್ಲಾ ಕಡೆ ಇದ್ರೆ ಇಡೀ ಸಿಸ್ಟಮ್ ಫ್ಲಶ್ ಮಾಡ್ಸಿ, ಕೊನೇಲಿ ಇನ್ಹಿಬಿಟರ್ (ತುಕ್ಕು ತಡೆಯೋ ರಾಸಾಯನಿಕ) ಹಾಕ್ಲೇಬೇಕು.

ಈಗ ವಾಲ್ವ್. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕಂದ್ರೆ ನಮ್ಮ ತಲೆಯೊಳಗೆ ಉಲ್ಟಾ ಕೂರೋ ಜಾಗ ಇದೇ. ರೇಡಿಯೇಟರ್‌ಗೆ ಎರಡು ವಾಲ್ವ್. ನಂಬರ್ ಇರೋ ತಲೆಯದ್ದು ಥರ್ಮೋಸ್ಟಾಟಿಕ್ ವಾಲ್ವ್, ಇನ್ನೊಂದು ತುದೀಲಿ ಪ್ಲಾಸ್ಟಿಕ್ ಟೋಪಿ ಹಾಕ್ಕೊಂಡಿರೋದು ಲಾಕ್‌ಶೀಲ್ಡ್, ಎಷ್ಟು ನೀರು ಹರೀಬೇಕು ಅಂತ ಒಂದ್ಸಲ ಸೆಟ್ ಮಾಡಿ ಬಿಡೋದು. ನಂಬರ್ ತಲೆ ಬಿಚ್ಚಿದ್ರೆ ಕೆಳಗೆ ಒಂದು ಸಣ್ಣ ಪಿನ್ ಕಾಣತ್ತೆ. ಪಿನ್ ಮೇಲಿದ್ರೆ ವಾಲ್ವ್ ತೆಗೆದಿದೆ, ಪಿನ್ ಒಳಗೆ ಒತ್ತಿದ್ರೆ ಮುಚ್ಚಿದೆ. ಗುಂಡಿ ಒತ್ತಿದ್ರೆ ಆನ್ ಅನ್ನೋ ನಮ್ಮ ಅಭ್ಯಾಸಕ್ಕೆ ಇದು ಪೂರ್ತಿ ವಿರುದ್ಧ. ತಲೆಯೊಳಗೆ ಮೇಣ ಅಥವಾ ದ್ರವ ಇರತ್ತೆ, ರೂಮ್ ಬಿಸಿ ಆದಂಗೆ ಅದು ಹಿಗ್ಗಿ ಪಿನ್ನನ್ನ ಕೆಳಗೆ ಒತ್ತತ್ತೆ, ನೀರು ನಿಲ್ಲತ್ತೆ. ರೂಮ್ ತಣ್ಣಗಾದ್ರೆ ಅದು ಕುಗ್ಗತ್ತೆ, ವಾಲ್ವ್ ಒಳಗಿನ ಸ್ಪ್ರಿಂಗ್ ಪಿನ್ನನ್ನ ಮೇಲಕ್ಕೆ ತಳ್ಳತ್ತೆ, ನೀರು ಬರತ್ತೆ. ಅಂದ್ರೆ ತಲೆಗೆ ಒತ್ತೋದು ಮಾತ್ರ ಗೊತ್ತು, ತೆಗೆಯೋದು ಸ್ಪ್ರಿಂಗ್ ಕೆಲಸ. ಬೇಸಿಗೆ ಪೂರ್ತಿ ವಾಲ್ವ್ ಮುಚ್ಚಿಟ್ರೆ ಪಿನ್ ಒತ್ತಿದ ಜಾಗದಲ್ಲೇ ಅಂಟ್ಕೊಳತ್ತೆ, ಸ್ಪ್ರಿಂಗ್‌ಗೆ ಎಬ್ಬಿಸೋಕೆ ಆಗಲ್ಲ, ಆಮೇಲೆ ನೀವು ತಲೆಯನ್ನ 5ಕ್ಕೆ ತಿರುಗಿಸಿದ್ರೂ ಏನೂ ಆಗಲ್ಲ ಯಾಕಂದ್ರೆ ತಲೆ ಪಿನ್ನನ್ನ ಎಳೆಯಲ್ಲ. ಇದು ಅರ್ಥ ಆದ್ರೆ ರಿಪೇರಿ ತಾನಾಗೇ ಹೊಳೆಯತ್ತೆ.

ತಲೆಯನ್ನ ದೊಡ್ಡ ನಂಬರ್‌ಗೆ ಇಟ್ಟು ಬಿಚ್ಚಿ (ಆಗ ಪಿನ್ ಮೇಲೆ ಒತ್ತಡ ಕಮ್ಮಿ, ವಾಪಸ್ ಹಾಕೋವಾಗಲೂ ಅಷ್ಟೇ). ಸ್ಪಾನರ್‌ನ ಚಪ್ಪಟೆ ಭಾಗದಿಂದ ಪಿನ್ ಒತ್ತಿ. ಕೆಲವು ಮಿಲಿಮೀಟರ್ ಒಳಗೆ ಹೋಗಿ ತಾನೇ ಚಿಮ್ಮಿದ್ರೆ ಪಿನ್ ಸರಿ ಇದೆ. ಅಲ್ಲಾಡದಿದ್ರೆ ವಾಲ್ವ್‌ನ ಹಿತ್ತಾಳೆ ಮೈಗೆ ಪಕ್ಕದಿಂದ ಮೆಲ್ಲಗೆ ತಟ್ಟಿ, ಒಂದು ಹನಿ ಸಿಲಿಕೋನ್ ಸ್ಪ್ರೇ ಬಿಟ್ಟು, ಸ್ವಲ್ಪ ಸ್ವಲ್ಪ ಒತ್ತಿ ಬಿಡಿ. ಇಕ್ಕಳ ಹಾಕಿ ಜೋರಾಗಿ ಎಳೀಬೇಡಿ, ಕೆಲವು ವಾಲ್ವ್‌ಗಳಲ್ಲಿ ಪಿನ್ ಕೈಗೇ ಬಂದು ಹಿಂದೆ ನೀರು ಚಿಮ್ಮತ್ತೆ. ಇನ್ಮೇಲೆ ಬೇಸಿಗೇಲಿ ವಾಲ್ವನ್ನ ಪೂರ್ತಿ ಓಪನ್ ಇಟ್ರೆ ಈ ತಲೆನೋವು ಇಲ್ಲ.

ಆ ನಂಬರ್ ಬಗ್ಗೆ ಒಂದು ಮಾತು. ಅದು ರೇಡಿಯೇಟರ್ ಎಷ್ಟು ಬಿಸಿ ಅನ್ನೋದಲ್ಲ, ರೂಮ್ ಎಷ್ಟು ಬೆಚ್ಚಗಿರ್ಬೇಕು ಅನ್ನೋದು. ಹೆಚ್ಚಿನವುಗಳಲ್ಲಿ 3 ಅಂದ್ರೆ ಸುಮಾರು 20 ಡಿಗ್ರಿ. ರೂಮ್ ಆಗ್ಲೇ 21 ಇದ್ರೆ ರೇಡಿಯೇಟರ್ ತಣ್ಣಗಿರೋದೇ ಸರಿ, ಅಲ್ಲಿ ರಿಪೇರಿಗೆ ಏನೂ ಇಲ್ಲ. ತಲೆ ಮೇಲೆ ದಪ್ಪ ಪರದೆ ಬಿದ್ದಿದ್ರೂ ಒಳಗೆ ಬಿಸಿ ಗಾಳಿ ನಿಂತು ರೂಮ್ ಬೆಚ್ಚಗಿದೆ ಅಂತ ಮೋಸ ಹೋಗತ್ತೆ.

ಪಿನ್ ಚೆನ್ನಾಗಿದ್ದೂ ತಣ್ಣಗಿದ್ರೆ ಲಾಕ್‌ಶೀಲ್ಡ್ ನೋಡಿ. ಪೇಂಟ್ ಮಾಡೋಕೆ ಬಿಚ್ಚಿದೋರು ಮುಚ್ಚಿ ಮರ್ತಿರ್ತಾರೆ. ನಂಗೆ ಇಷ್ಟದ ಶಾರ್ಟ್‌ಕಟ್ ಇಲ್ಲಿದೆ, ಎರಡೂ ಪೈಪ್ ಮುಟ್ಟಿ: ಬರೋ ಪೈಪ್ ಚೆನ್ನಾಗಿ ಬಿಸಿ, ಹೋಗೋದು ತಣ್ಣಗೆ ಅಂದ್ರೆ ನೀರು ಬಾಗಿಲ ತನಕ ಬಂದಿದೆ, ಸಾಕಷ್ಟು ಹರೀತಿಲ್ಲ. ಎರಡೂ ತಣ್ಣಗೆ ಅಂದ್ರೆ ಬ್ಲಾಕ್ ಹಿಂದೆ ಪೈಪಲ್ಲೇ ಇರ್ಬೋದು ಅಥವಾ ವಾಲ್ವ್ ಮುಚ್ಚಿ ನೀರು ನಿಂತೇ ಆರಿರ್ಬೋದು, ಹಾಗಾಗಿ ಇದೊಂದನ್ನೇ ನಂಬಿ ಪೈಪ್ ಅಗೆಯೋಕೆ ಹೋಗ್ಬೇಡಿ.

ಬ್ಯಾಲೆನ್ಸಿಂಗ್ ಚಿಕ್ಕದಾಗಿ: ನೀರು ಸುಲಭದ ದಾರಿ ಹಿಡಿಯತ್ತೆ, ಬಾಯ್ಲರ್ ಹತ್ರದ್ದು ಎಲ್ಲಾ ನುಂಗತ್ತೆ, ದೂರದ್ದು ಉಪವಾಸ. ಎಲ್ಲಾ ವಾಲ್ವೂ ಪೂರ್ತಿ ಓಪನ್ ಮಾಡಿ, ತಣ್ಣಗಿರೋವಾಗ ಶುರು ಮಾಡಿ ಯಾವುದು ಮೊದಲು ಬಿಸಿ ಆಗತ್ತೆ ಅಂತ ಬರ್ಕೊಳಿ. ಮೊದಲನೇದರ ಲಾಕ್‌ಶೀಲ್ಡ್ ಮುಚ್ಚಿ ಕಾಲು ಸುತ್ತು ತೆಗೀರಿ, ಮುಂದಿನದಕ್ಕೆ ಇನ್ನಷ್ಟು, ಕೊನೇದು ಪೂರ್ತಿ ತೆಗೆದಿರಲಿ. ಎರಡು ಪೈಪಿನ ನಡುವಿನ ವ್ಯತ್ಯಾಸ ಹಳೇ ಬಾಯ್ಲರ್‌ಗೆ 11-12 ಡಿಗ್ರಿ, ಕಂಡೆನ್ಸಿಂಗ್ ಬಾಯ್ಲರ್‌ಗೆ (ಹೊಗೆಯಲ್ಲಿ ಹೋಗೋ ಬಿಸೀನೂ ಹಿಡಿದು ಬಳಸೋ ಹೊಸ ಬಗೆ) 20 ಹತ್ರ ಬಂದ್ರೆ ಸಾಕು. ಪ್ರತಿ ಸಲ ತಿರುಗಿಸಿದ್ಮೇಲೆ ಬಿಸಿ ಒಂದು ಹದಕ್ಕೆ ನಿಲ್ಲೋ ತನಕ ಕಾಯ್ಬೇಕು, ಅವಸರದಲ್ಲಿ ಅಳತೆ ತಗೊಂಡ್ರೆ ನಂಬರ್ ಓಡಾಡ್ತಾನೇ ಇರತ್ತೆ.